ಅಣ್ಣನನ್ನು ನೋಡಿಕೊಳ್ಳುವ ಅಮ್ಮನಿಗೆ ನೆರವು ಹೇಗೆ?

ಪ್ರಶ್ನೆ (ರಾಜಾಜಿನಗರದಿಂದ):
ಬೌದ್ಧಿಕ ಅಂಗವೈಕಲ್ಯವಿರುವ ನನ್ನ ಅಣ್ಣನಿಗೆ ಈಗ 31 ವರ್ಷ. ಬೆಳಿಗ್ಗೆ ಅಂಗಿಯ ಗುಂಡಿ ಹಾಕುವುದರಿಂದ ಹಿಡಿದು ರಾತ್ರಿಯ ಮಾತ್ರೆಯವರೆಗೆ ಎಲ್ಲವನ್ನೂ 64 ವರ್ಷದ ಅಮ್ಮನೇ ನೋಡಿಕೊಳ್ಳುತ್ತಾರೆ. ಮೊನ್ನೆ ಬ್ಯಾಂಕೊಂದರಲ್ಲಿ, ಅವನ ಪರವಾಗಿ ಸಹಿ ಮಾಡಲು ಅಮ್ಮನಿಗೆ ಅಧಿಕಾರವಿಲ್ಲ ಎಂದರು. ಎಲ್ಲಿಂದ ಆರಂಭಿಸಬೇಕು?

ಉತ್ತರ 1:
ಕೇಳಲು ಕಠಿಣವಾದರೂ ಅವರು ಹೇಳಿದ್ದು ಸರಿ. ಮಗನಿಗೆ 18 ತುಂಬಿದ ಮೇಲೆ ತಾಯಿಯ ಸಹಜ ಪೋಷಕತ್ವ ಮುಗಿಯುವುದರಿಂದ, 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ, ಅಮ್ಮ ಕಾನೂನುಬದ್ಧ ಪೋಷಕರಾಗಿ ನೇಮಕಗೊಳ್ಳಬೇಕು. ಅಣ್ಣನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ನೀಡುವ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಉತ್ತರ 2:
ಅದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಯನ್ನೂ ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಥೆರಪಿಯ ವೆಚ್ಚವೂ ಸೇರುತ್ತದೆ.

ಉತ್ತರ 3:
ಕಾಗದಪತ್ರಗಳು ಆಗಲಿ, ಆದರೆ ಅಮ್ಮನಿಗೆ ಬಿಡುವು ಕೊಡುವವರು ಯಾರು? ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ತಂಗಿಯ ಜವಾಬ್ದಾರಿ ನನ್ನದು. ಮೊದಲ ವಾರ ಅಮ್ಮ ಬಾಗಿಲಲ್ಲೇ ನಿಂತಿದ್ದರು. ಈಗ ನಿಶ್ಚಿಂತೆಯಿಂದ ಮಲ್ಲೇಶ್ವರದ ಮಾರುಕಟ್ಟೆಗೆ ಹೋಗಿಬರುತ್ತಾರೆ. ಗುಂಡಿ ಹಾಕುವುದನ್ನು ನೀವು ನಾಳೆಯೇ ಕಲಿಯಬಹುದು.