ಬೋರ್ ನೀರಲ್ಲಿ ನೈಟ್ರೇಟ್ ಜಾಸ್ತಿ ಬಂದಿದೆ, ಇಳುವರಿ ಬೀಳದ ಹಾಗೆ ಯೂರಿಯಾ ಎಷ್ಟು ಇಳಿಸಬಹುದು?

ಮದ್ದೂರು ಹುಡುಗ:

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆ ಮದ್ದೂರು ಕಡೆಯವನು. ನಾಲೆ ಕೆಳಗೆ ಎರಡು ಎಕರೆ ಭತ್ತದ ಗದ್ದೆ, ಅದಕ್ಕೂ ಮೇಲೆ ಕೆಂಪು ಮಣ್ಣಲ್ಲಿ ಒಂದು ಎಕರೆ ಕಬ್ಬು ಇದೆ. ಮನೆಗೆ ಕುಡಿಯುವ ನೀರು ಕಬ್ಬಿನ ಪಕ್ಕದ ಬೋರ್‌ನಿಂದಲೇ. ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ ಅಂತ ನೀರು ಟೆಸ್ಟ್ ಮಾಡಿಸಿದೆ. ನೈಟ್ರೇಟ್ ಲೀಟರಿಗೆ 72 ಮಿಲಿಗ್ರಾಂ ಬಂದಿದೆ, ಮಿತಿ 45 ಅಂತ ಪಕ್ಕದಲ್ಲೇ ಬರೆದಿದ್ದಾರೆ.

ಅಪ್ಪ ಭತ್ತಕ್ಕೆ ಎಕರೆಗೆ ಒಂದೂವರೆ ಮೂಟೆ ಡಿಎಪಿ, ಮೂರು ಮೂಟೆ ಯೂರಿಯಾ ಹಾಕುತ್ತಾರೆ. ಪೊಟ್ಯಾಷ್ ಹಾಕಿದರೆ ಹಾಕಿದರು, ಇಲ್ಲದಿದ್ದರೆ ಇಲ್ಲ. ಕಬ್ಬಿನ ಲೆಕ್ಕ ನನಗೂ ಸರಿಯಾಗಿ ಗೊತ್ತಿಲ್ಲ, ಎಲೆ ಸ್ವಲ್ಪ ಹಳದಿ ಕಂಡರೆ ಮತ್ತೊಂದು ಮೂಟೆ ಬೀಳುತ್ತೆ. ನಾನು ಬಾಯಿಬಿಟ್ಟರೆ "ಗೊಬ್ಬರ ಕಡಿಮೆ ಮಾಡಿ ಭತ್ತದ ಮೂಟೆ ಕಡಿಮೆ ಆದ್ರೆ ಸೊಸೈಟಿ ಸಾಲ ನೀನು ಕಟ್ತೀಯಾ" ಅಂತಾರೆ. ಅವರು ಹೇಳುವುದರಲ್ಲೂ ಅರ್ಥ ಇದೆ, ಸಂಸಾರ ನಡೆಯುವುದು ಇದರಲ್ಲೇ ಅಲ್ವಾ. ಇಳುವರಿ ಬೀಳದ ಹಾಗೆ ಎಷ್ಟು ಇಳಿಸಬಹುದು? ಇಳಿಸಿದರೆ ನಿಜಕ್ಕೂ ದುಡ್ಡು ಉಳಿಯುತ್ತಾ? ನೀರು ಸುಧಾರಿಸುತ್ತಾ? ಗೊತ್ತಿರುವವರು ಹೇಳಿ.

ಮಣ್ಣುಮಾತು:

ತಮ್ಮಾ, ಗೊಬ್ಬರದ ಮಾತು ಆಮೇಲೆ, ಮೊದಲು ಮಗುವಿನ ನೀರು ಬದಲಿಸಿ. ನೀರು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆ ಫಿಲ್ಟರ್, ಕ್ಯಾಂಡಲ್ ಫಿಲ್ಟರ್ ಯಾವುದಕ್ಕೂ ಇದು ಜಗ್ಗುವುದಿಲ್ಲ. ಆರ್‌ಒ ಆದರೆ ಬಹುಪಾಲು ತೆಗೆಯುತ್ತದೆ. ಊರಿನ ಶುದ್ಧ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅಲ್ಲಿಂದ ಕ್ಯಾನ್ ತನ್ನಿ. ಎದೆಹಾಲು ಕುಡಿಯುವ ಮಗುವಿಗೆ ಅಷ್ಟು ಭಯ ಇಲ್ಲ, ಪುಡಿ ಹಾಲನ್ನು ಈ ನೀರಲ್ಲಿ ಕಲಸಿ ಕೊಡುವುದು ಅಪಾಯ. ರಕ್ತ ಆಮ್ಲಜನಕ ಸಾಗಿಸುವುದಕ್ಕೇ ತೊಡಕಾಗಿ ಎಳೆ ಮಗುವಿನ ಮೈ ನೀಲಿಗಟ್ಟುವ ಕಾಯಿಲೆ ಬರುವುದು ಹೀಗೆ.

ನಿಮ್ಮೊಬ್ಬರದೇ ಕಥೆ ಅಲ್ಲ ಇದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ತೆಗೆದ ಮಾದರಿಗಳಲ್ಲಿ ಶೇ 48ರಷ್ಟು ನೈಟ್ರೇಟ್ ಮಿತಿ ದಾಟಿದ್ದವು. ನಮಗಿಂತ ಮೇಲೆ ಇದ್ದದ್ದು ರಾಜಸ್ಥಾನ ಒಂದೇ, ಅದೂ ಶೇ 49.

ಈಗ ಲೆಕ್ಕ. ಯೂರಿಯಾದಲ್ಲಿ ಶೇ 46 ಸಾರಜನಕ, ಅಂದರೆ 45 ಕೆಜಿ ಮೂಟೆಗೆ ಸುಮಾರು 20.7 ಕೆಜಿ. ಮೂರು ಮೂಟೆಗೆ 62. ಡಿಎಪಿಯಲ್ಲಿ ರಂಜಕದ ಜೊತೆ ಶೇ 18 ಸಾರಜನಕವೂ ಇದೆ, 50 ಕೆಜಿಯ ಒಂದೂವರೆ ಮೂಟೆಗೆ 13.5. ಒಟ್ಟು ಎಕರೆಗೆ 75 ಕೆಜಿ ದಾಟಿತು. ದಕ್ಷಿಣ ಕರ್ನಾಟಕದ ನೀರಾವರಿ ಭತ್ತಕ್ಕೆ ಬೆಂಗಳೂರು ಕೃಷಿ ವಿವಿ ಹೇಳುವುದು ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ ಕ್ರಮವಾಗಿ 100:50:50 ಕೆಜಿ, ಎಕರೆಗೆ ಬಂದರೆ 40:20:20. ಸಾರಜನಕ ಡಬಲ್‌ಗೆ ಹತ್ತಿರ, ರಂಜಕ ಒಂದೂಮುಕ್ಕಾಲು ಪಟ್ಟು, ಪೊಟ್ಯಾಷ್ ಹೆಚ್ಚುಕಡಿಮೆ ಸೊನ್ನೆ. ಇನ್ನೊಂದು ಕಡೆಯಿಂದ ನೋಡಿ: ಒಂದು ಟನ್ ಭತ್ತ, ಹುಲ್ಲೂ ಸೇರಿ, ನೆಲದಿಂದ ಎತ್ತುವುದು 15ರಿಂದ 20 ಕೆಜಿ ಸಾರಜನಕ. ಎಕರೆಗೆ 25 ಕ್ವಿಂಟಲ್ ಬೆಳೆದರೂ 50 ಕೆಜಿ ದಾಟುವುದಿಲ್ಲ, ಅದರಲ್ಲೂ ಒಂದಷ್ಟನ್ನು ಮಣ್ಣೇ ಕೊಡುತ್ತದೆ. ಉಳಿದದ್ದು ಎಲ್ಲಿಗೆ ಹೋಯಿತು?

ದುಡ್ಡಿನ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಶಿಫಾರಸಿಗೆ ಇಳಿದರೆ ಡಿಎಪಿ 43 ಕೆಜಿ, ಯೂರಿಯಾ 70 ಕೆಜಿ ಸಾಕು. ಯೂರಿಯಾದಲ್ಲಿ ಉಳಿಯುವುದು ನಾನೂರು ರೂಪಾಯಿ ಒಳಗೆ, ಮೂಟೆಯೇ 266 ರೂಪಾಯಿ ಚಿಲ್ಲರೆ ಇರುವಾಗ ಇನ್ನೇನು ಉಳಿದೀತು. ಡಿಎಪಿಯಲ್ಲಿ ಎಂಟುನೂರು ಚಿಲ್ಲರೆ. ಆದರೆ ಬಿಟ್ಟ ಪೊಟ್ಯಾಷ್ ಹಾಕಬೇಕಲ್ಲ, 33 ಕೆಜಿ, ಅದು ಈಗ ಡಿಎಪಿಗಿಂತ ತುಟ್ಟಿ. ಉಳಿದದ್ದರಲ್ಲಿ ಬಹುಪಾಲನ್ನು ಅದು ನುಂಗುತ್ತದೆ. ಹಾಗಾಗಿ "ಗೊಬ್ಬರ ಕಡಿಮೆ ಮಾಡಿ, ಖರ್ಚು ಉಳಿಸಿ" ಅಂತ ಸಭೆಗಳಲ್ಲಿ ಹೇಳುವುದನ್ನು ನಂಬಿ ಅಪ್ಪನ ಹತ್ತಿರ ಹೋದರೆ ಅವರು ಒಂದೇ ನಿಮಿಷದಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ. ಲಾಭ ಇರುವುದು ಬೇರೆ ಕಡೆ. ಯೂರಿಯಾ ಜಾಸ್ತಿಯಾದ ಪೈರು ಮೆತ್ತಗೆ, ದಟ್ಟವಾಗಿ ಬೆಳೆಯುತ್ತದೆ, ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಅಂಥದ್ದೇ ಬೇಕು. ತೆನೆ ಬಲಿಯುವ ಹೊತ್ತಿಗೆ ಒಂದು ಮಳೆ ಬಂದರೆ ಚಾಪೆ ಹಾಸಿದ ಹಾಗೆ ಮಲಗುತ್ತದೆ. ಮಲಗಿದ ಗದ್ದೆಗೆ ಕಟಾವು ಮಷಿನ್‌ನವನು ಎಷ್ಟು ಗಂಟೆ ಹಿಡಿಯುತ್ತಾನೆ, ಗಂಟೆಗೆ ಎಷ್ಟು ಕೇಳುತ್ತಾನೆ, ಅಪ್ಪನಿಗೇ ಚೆನ್ನಾಗಿ ಗೊತ್ತು. ಮಾತು ಅಲ್ಲಿಂದ ಶುರು ಮಾಡಿ.

ತಿಪಟೂರು ತೆಂಗು:

ಎಲ್ಲದಕ್ಕೂ ರೈತನ ತಲೆಗೇ ಕಟ್ಟುವುದು ಒಂದು ಅಭ್ಯಾಸ ಆಗಿಬಿಟ್ಟಿದೆ. ಬೋರ್‌ನಿಂದ ತಿಪ್ಪೆ ಎಷ್ಟು ದೂರ? ಶೌಚದ ಗುಂಡಿ ಎಲ್ಲಿದೆ? ಕೊಟ್ಟಿಗೆ ಗಂಜಲ ಹರಿದು ಎಲ್ಲಿಗೆ ಹೋಗುತ್ತೆ? ನಮ್ಮ ಕಡೆ ಒಂದೊಂದು ಹಳ್ಳಿಯಲ್ಲಿ ಯೂರಿಯಾ ಮೂಟೆಯನ್ನೇ ನೋಡದ ತೆಂಗಿನ ತೋಟದ ಬೋರಲ್ಲೂ ನೈಟ್ರೇಟ್ ಬರುತ್ತೆ, ಯಾಕೆಂದರೆ ಅದು ಊರೊಳಗಿದೆ. ಮನೆ ಮನೆಗೆ ಇಂಗು ಗುಂಡಿ ತೋಡಿ ಮಗ್ಗುಲಲ್ಲೇ ಬೋರ್ ಕೊರೆಸಿದರೆ ಇನ್ನೇನು ಬರುತ್ತೆ.

ಮಣ್ಣುಮಾತು:

ತಿಪಟೂರಿನವರು ಹೇಳಿದ್ದು ಸರಿ, ಅದನ್ನು ಮೊದಲೇ ಬೇರೆ ಮಾಡಿಕೊಳ್ಳಬೇಕು. ರಿಪೋರ್ಟಿನಲ್ಲಿ ಕ್ಲೋರೈಡ್ ಎಷ್ಟಿದೆ ನೋಡಿ, ಬ್ಯಾಕ್ಟೀರಿಯಾ ಟೆಸ್ಟ್ ಮಾಡಿದ್ದಾರಾ ನೋಡಿ. ನೈಟ್ರೇಟ್ ಜೊತೆ ಕ್ಲೋರೈಡೂ ಅಕ್ಕಪಕ್ಕದ ಬೋರ್‌ಗಳಿಗಿಂತ ಜಾಸ್ತಿ ಇದ್ದು, ಮಲದಿಂದ ಬರುವ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕರೆ ಅನುಮಾನ ಗುಂಡಿ, ಕೊಟ್ಟಿಗೆ ಕಡೆ ಹೋಗಬೇಕು. ಹೊಲದ ನಡುವೆ ಮನೆಗಳಿಲ್ಲದ ಕಡೆಯ ಒಂದು ಬೋರ್ ನೀರನ್ನೂ ಕೊಡಿ, ಅಲ್ಲೂ ಅಷ್ಟೇ ಬಂದರೆ ಗೊಬ್ಬರದ್ದೇ ಪಾಲು ದೊಡ್ಡದು. ಎಷ್ಟೋ ಕಡೆ ಎರಡೂ ಸೇರಿರುತ್ತೆ.

ಇನ್ನೊಂದು ಮಾತು ಬಿಟ್ಟುಹೋಗಿತ್ತು. ನಿಮ್ಮ ಬೋರಿಗೆ ಭತ್ತದ ಗದ್ದೆಗಿಂತ ಕಬ್ಬಿನ ಮೇಲೆಯೇ ನನಗೆ ಅನುಮಾನ ಜಾಸ್ತಿ. ಕೆಸರು ಮಾಡಿ ನೀರು ನಿಲ್ಲಿಸಿದ ಗದ್ದೆಯಲ್ಲಿ ಸಾರಜನಕ ನೈಟ್ರೇಟ್ ಆಗುವುದೇ ಕಡಿಮೆ, ಅಲ್ಲಿ ಹೆಚ್ಚು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ನಾಲೆಗೆ ಸರದಿ ಮೇಲೆ ನೀರು ಬಿಟ್ಟು ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಬರುವುದು ನಿಂತು ಗದ್ದೆ ಬಿರುಕು ಬಿಟ್ಟು, ಮತ್ತೆ ನಾಲೆ ನೀರು ನುಗ್ಗಿದಾಗ ಮಾತ್ರ ಒಂದಷ್ಟು ಕೊಚ್ಚಿ ಕೆಳಗಿಳಿಯುತ್ತದೆ. ಮೇಲಿನ ಮರಳು ಮಿಶ್ರ ಕೆಂಪು ಮಣ್ಣಿನ ಕಥೆ ಬೇರೆ. ಅಲ್ಲಿ ಗಾಳಿ ಆಡುತ್ತೆ, ಯೂರಿಯಾ ಬೇಗ ನೈಟ್ರೇಟ್ ಆಗುತ್ತೆ, ಸಾಲು ತುಂಬ ನೀರು ಬಿಟ್ಟರೆ ಬೇರು ದಾಟಿ ಇಳಿದುಬಿಡುತ್ತೆ.

ಗಂಗಾವತಿ ಅಕ್ಕ:

ನಮ್ಮದು ತುಂಗಭದ್ರಾ ಎಡದಂಡೆ, ಸೋನಾ ಮಸೂರಿ. ಮಂಡ್ಯದವರು ಮೂರು ಮೂಟೆ ಅಂದರೆ ನಮ್ಮ ಕಡೆಯವರು ನಗುತ್ತಾರೆ, ಇಲ್ಲಿ ಅದಕ್ಕಿಂತ ಜಾಸ್ತಿ ಹಾಕುವವರು ಬೇಕಾದಷ್ಟು. ಪಕ್ಕದವನ ಗದ್ದೆ ಕಡು ಹಸಿರು ಕಂಡರೆ ಇವನಿಗೆ ನಿದ್ದೆ ಬರುವುದಿಲ್ಲ, ಅಷ್ಟೇ. ಆಮೇಲೆ ಜಿಗಿಹುಳು ಬಂತು ಅಂತ ಔಷಧಿ ಅಂಗಡಿಗೆ ಓಟ.

ನಮ್ಮ ಮನೆಯಲ್ಲಿ ಜಗಳ ನಿಲ್ಲಿಸಿದ್ದು ಎಲೆ ಬಣ್ಣದ ಪಟ್ಟಿ. ಅಂಗೈ ಉದ್ದದ ಪ್ಲಾಸ್ಟಿಕ್ ಪಟ್ಟಿ, ಅದರಲ್ಲಿ ತಿಳಿ ಹಳದಿ ಹಸಿರಿನಿಂದ ಕಡು ಹಸಿರಿನವರೆಗೆ ನಂಬರ್ ಹಾಕಿದ ಮನೆಗಳು. ನಾಟಿಯಾಗಿ ಎರಡು ವಾರದಿಂದ ಶುರು ಮಾಡಿ ವಾರ ಹತ್ತು ದಿನಕ್ಕೊಮ್ಮೆ ಹೂ ಬರುವ ತನಕ ನೋಡಬೇಕು. ತುದಿಯಲ್ಲಿ ಪೂರ್ತಿ ಬಿಚ್ಚಿದ ಹೊಸ ಎಲೆ ಹಿಡಿದು, ಕೀಳದೆ, ಅದರ ನಡು ಭಾಗವನ್ನು ಪಟ್ಟಿಯ ಮೇಲೆ ಇಡಿ. ಬಿಸಿಲಿಗೆ ಬೆನ್ನು ಕೊಟ್ಟು ನಿಮ್ಮ ನೆರಳಲ್ಲೇ ನೋಡಿ, ಬಿಸಿಲು ಬಿದ್ದರೆ ಬಣ್ಣ ತಪ್ಪು ಕಾಣುತ್ತೆ. ಬೆಳಗ್ಗೆ ಹೊತ್ತು ಒಳ್ಳೆಯದು, ಪ್ರತಿ ಸಲ ಒಬ್ಬರೇ ನೋಡಬೇಕು. ಗದ್ದೆಯಲ್ಲಿ ಅಲ್ಲಲ್ಲಿ ಹತ್ತು ಗಿಡ ನೋಡಿ ಆರು ಅಥವಾ ಅದಕ್ಕಿಂತ ಜಾಸ್ತಿ ಗಿಡ 4ಕ್ಕಿಂತ ಕೆಳಗಿದ್ದರೆ ಎಕರೆಗೆ ಅರ್ಧ ಮೂಟೆ ಯೂರಿಯಾ, ಇಲ್ಲದಿದ್ದರೆ ಸುಮ್ನೆ ಮನೆಗೆ ಬನ್ನಿ. ನಾಟಿ ಭತ್ತಕ್ಕೆ ಸಾಮಾನ್ಯವಾಗಿ 4 ಹಿಡಿಯುತ್ತಾರೆ, ಕೆಲವು ತಳಿಯ ಎಲೆಯೇ ತಿಳಿ ಬಣ್ಣ ಇರುತ್ತೆ, ಅದಕ್ಕೆ 3 ಸಾಕು. ನಿಮಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಹಾಕುವ ರೀತಿ ಇನ್ನೂ ಮುಖ್ಯ ತಮ್ಮಾ. ಮೊಣಕಾಲುದ್ದ ನೀರಿಗೆ ಯೂರಿಯಾ ಎರಚಿದರೆ ಒಂದಷ್ಟು ಗಾಳಿಗೆ, ಒಂದಷ್ಟು ಬದುವಿನ ಗಂಡಿ ದಾಟಿ ಕೆಳಗಿನವನ ಗದ್ದೆಗೆ. ಅವನು ಗೊಬ್ಬರ ಹಾಕದೆಯೇ ಬೆಳೆ ಚೆನ್ನಾಗಿ ಬಂತು ಅಂತ ಬೀಗುತ್ತಾನೆ. ನೀರು ಬಸಿದು, ಗಂಡಿ ಕಟ್ಟಿ, ಹಸಿ ಕೆಸರಿಗೆ ಹಾಕಿ, ಒಂದು ದಿನ ಬಿಟ್ಟು ನೀರು ಕಟ್ಟಿ. ಮೋಡ ಕವಿದು ಮಳೆ ಬರೋ ಹಾಗಿದ್ದರೆ ಆ ದಿನ ಮೂಟೆ ಬಿಚ್ಚಲೇಬೇಡಿ.

ಅಯೋವಾ ಕನ್ನಡಿಗ:

ನಾನು ಅಮೆರಿಕದ ಅಯೋವಾದಲ್ಲಿದ್ದೇನೆ, ಸುತ್ತ ಮೆಕ್ಕೆಜೋಳ, ಸೋಯಾ. ಇಲ್ಲೂ ಇದೇ ಜಗಳ, ಕೋರ್ಟಿಗೂ ಹೋಗಿತ್ತು. ಡೆಮೊಯ್ನ್ ನಗರದ ನೀರು ಸರಬರಾಜಿನವರು ಮೇಲಿನ ಮೂರು ಕೌಂಟಿಗಳ (ನಮ್ಮ ಜಿಲ್ಲೆ ಇದ್ದ ಹಾಗೆ) ಹೊಲದ ಬಸಿಗಾಲುವೆಗಳಿಂದ ನದಿಗೆ ನೈಟ್ರೇಟ್ ಬರುತ್ತಿದೆ ಅಂತ 2015ರಲ್ಲಿ ಕೇಸ್ ಹಾಕಿದರು, 2017ರಲ್ಲಿ ಅದು ವಜಾ ಆಯಿತು. 2025ರ ಜೂನ್‌ನಲ್ಲಿ ನೈಟ್ರೇಟ್ ಎಷ್ಟು ಏರಿತು ಅಂದರೆ, ಶುದ್ಧ ಮಾಡುವ ಯಂತ್ರಕ್ಕೆ ಭಾರ ತಗ್ಗಿಸಲು ಜನ ಮನೆ ಮುಂದಿನ ಹುಲ್ಲಿಗೆ ನೀರು ಬಿಡುವುದನ್ನೇ ನಿಷೇಧಿಸಿದರು.

ನಿಮಗೆ ಉಪಯೋಗ ಆಗುವ ಎರಡು ವಿಷಯ ಹೇಳುತ್ತೇನೆ. ಲ್ಯಾಬ್ ರಿಪೋರ್ಟಿನಲ್ಲಿ ಬರೀ ನೈಟ್ರೇಟ್ ಅಂತಿದೆಯಾ, ನೈಟ್ರೇಟ್ ರೂಪದ ಸಾರಜನಕ ಅಂತಿದೆಯಾ ನೋಡಿಕೊಳ್ಳಿ. ಇಲ್ಲಿನ ಮಿತಿ 10, ಅದು ಸಾರಜನಕದ ಲೆಕ್ಕ, 4.43ರಿಂದ ಗುಣಿಸಿದರೆ ನಿಮ್ಮ 45ರ ಹತ್ತಿರವೇ ಬರುತ್ತೆ. ಎರಡನೆಯದು, ಇಲ್ಲಿನ ವಿವಿ ರೈತರಿಗೆ ಹೇಳುವುದು ಅತಿ ಹೆಚ್ಚು ಇಳುವರಿಯ ಪ್ರಮಾಣ ಅಲ್ಲ, ಅತಿ ಹೆಚ್ಚು ಲಾಭದ ಪ್ರಮಾಣ. ಕೊನೆಯ ಮೂಟೆ ಗೊಬ್ಬರ ತನ್ನ ಬೆಲೆಯಷ್ಟಾದರೂ ಕಾಳು ಕೊಡುತ್ತಾ ಅಂತ ನೋಡುತ್ತಾರೆ. ಗೊಬ್ಬರ ತುಟ್ಟಿಯಾದರೆ ಆ ಪ್ರಮಾಣ ಕೆಳಗಿಳಿಯುತ್ತೆ. ಭಾರತದಲ್ಲಿ ಸಬ್ಸಿಡಿಯಿಂದ ಯೂರಿಯಾ ಇಷ್ಟು ಅಗ್ಗ ಇರುವಾಗ ರೈತ ಇನ್ನೊಂದು ಮೂಟೆ ಹಾಕಿ ನೋಡೋಣ ಅನ್ನುವುದು ಸಹಜ. ಪೊಟ್ಯಾಷ್ ತುಟ್ಟಿ, ಅದನ್ನೇ ಬಿಡುತ್ತಾನೆ. ಇದರಲ್ಲಿ ನಿಮ್ಮ ಅಪ್ಪನ ದಡ್ಡತನ ಏನೂ ಇಲ್ಲ.

ತಿಪಟೂರು ತೆಂಗು:

ಅಗ್ಗ ಅಂತ ಹೇಳೋದು ಸುಲಭ. ಸೀಸನ್ನಿನಲ್ಲಿ ಯೂರಿಯಾ ಬೇಕು ಅಂದರೆ ಬೆಳಗ್ಗೆ ಕ್ಯೂ ನಿಲ್ಲಬೇಕು, ಜೊತೆಗೆ ನ್ಯಾನೋ ಯೂರಿಯಾ ಅನ್ನೋ ದ್ರವ ಗೊಬ್ಬರದ ಬಾಟಲಿ ತಗೊಂಡರೇ ಮೂಟೆ ಕೊಡುವ ಅಂಗಡಿಯವರೂ ಇದ್ದಾರೆ. ಬಾಟಲಿಯಲ್ಲಿರುವ ಸಾರಜನಕ ಗ್ರಾಂ ಲೆಕ್ಕ, ಮೂಟೆಯಲ್ಲಿರುವುದು ಕೆಜಿ ಲೆಕ್ಕ. ಸಿಕ್ಕಾಗ ಜಾಸ್ತಿ ತಂದಿಟ್ಟುಕೊಳ್ಳುವುದು, ತಂದದ್ದನ್ನು ಹಾಕಿಯೇ ಮುಗಿಸುವುದು, ಇದೂ ಒಂದು ಕಾರಣ.

ಮದ್ದೂರು ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಘಟಕದ ನೀರು ತರಲು ಶುರು ಮಾಡಿದ್ದೇವೆ. ರಿಪೋರ್ಟಿನಲ್ಲಿ ಬರೀ ನೈಟ್ರೇಟ್ ಅಂತಲೇ ಇದೆ. ಕ್ಲೋರೈಡ್ ಅಂಥಾ ಜಾಸ್ತಿ ಇಲ್ಲ, ಬ್ಯಾಕ್ಟೀರಿಯಾ ನೋಡಿಲ್ಲ, ಹೊಲದ ಆಚೆ ಬೋರ್ ನೀರಿನ ಜೊತೆ ಅದನ್ನೂ ಕೊಡುತ್ತೇನೆ. ಮಲಗಿದ ಬೆಳೆ, ಮಷಿನ್ ಬಾಡಿಗೆ ಮಾತು ತೆಗೆದಾಗ ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಹಿಂದಿನ ಎರಡು ಗದ್ದೆ ನಿನಗೆ ಬಿಟ್ಟಿದ್ದೀನಿ, ಅದೇನು ಪಟ್ಟಿ ಹಿಡಿತೀಯೋ ಹಿಡಿ, ಉಳಿದದ್ದು ಮುಟ್ಟಬೇಡ ಅಂದಿದ್ದಾರೆ. ಒಕ್ಕಣೆ ಬೇರೆ ಬೇರೆ ಮಾಡಿ ತೂಗೋಣ ಅಂತ ಮಾತಾಗಿದೆ. ಕಬ್ಬಿಗೆ ಏನು ಮಾಡಲಿ? ಅದು ಆಲೆಮನೆಗೇ ಹೋಗುತ್ತೆ.

ಮಣ್ಣುಮಾತು:

ಎರಡು ಗದ್ದೆ ಸಿಕ್ಕಿದ್ದು ಕಡಿಮೆಯೇನಲ್ಲ. ಆ ಗದ್ದೆಗೆ ಪೊಟ್ಯಾಷ್ ಮರೆಯಬೇಡಿ, ಇಲ್ಲದಿದ್ದರೆ ಜೊಳ್ಳು ಬಂದು ಯೂರಿಯಾ ಇಳಿಸಿದ್ದಕ್ಕೇ ಹೀಗಾಯಿತು ಅಂತ ಮಾತು ಬರುತ್ತೆ. ನೀರು ಮುಂದಿನ ಟೆಸ್ಟಿಗೇ ಇಳಿಯುತ್ತೆ ಅಂತ ಅಪ್ಪನಿಗೆ ಮಾತು ಕೊಡಬೇಡಿ, ಮಣ್ಣೊಳಗೆ ಇಳಿದದ್ದು ಬೋರ್ ಬಿಟ್ಟು ಹೋಗಲು ವರ್ಷಗಳೇ ಹಿಡಿಯಬಹುದು.

ಆಲೆಮನೆಗೆ ಹೋಗುವ ಕಬ್ಬು ಅಂದಿರಿ, ಹಾಗಿದ್ದರೆ ಕೆಲಸ ಸುಲಭ. ಶಿಫಾರಸು ಎಕರೆಗೆ 100 ಕೆಜಿ ಸಾರಜನಕ, 40 ರಂಜಕ, 50 ಪೊಟ್ಯಾಷ್. ಯೂರಿಯಾವನ್ನು ಸಾಲಿನಲ್ಲಿ ಚೆಲ್ಲಿ ನೀರು ಹಾಯಿಸಬೇಡಿ, ಬುಡದ ಪಕ್ಕ ಹಾಕಿ ಮಣ್ಣು ಮುಚ್ಚಿ, ಮೂರು ನಾಲ್ಕು ಕಂತು ಮಾಡಿ. ಮಣ್ಣು ಏರಿಸುವ ಹೊತ್ತಿಗೆ ಯೂರಿಯಾ ಮುಗಿದಿರಬೇಕು, ಆಮೇಲೆ ಎಲೆ ಹಳದಿ ಕಂಡರೂ ಬೇಡ. ತಡವಾಗಿ ಯೂರಿಯಾ ತಿಂದ ಕಬ್ಬಿನ ರಸದಲ್ಲಿ ಸಕ್ಕರೆ ಕಡಿಮೆ, ಬೆಲ್ಲ ಗಟ್ಟಿ ಕೂರುವುದಿಲ್ಲ, ಬಣ್ಣವೂ ಕಪ್ಪು. ತರಗು ಸುಡದೆ ಸಾಲಿಗೆ ಹಾಸಿದರೆ ನೀರೂ ಉಳಿಯುತ್ತೆ. ಕಬ್ಬಿನ ವಿಷಯಕ್ಕೆ ಅಪ್ಪನನ್ನು ನೀವು ಒಪ್ಪಿಸಲು ಹೋಗಬೇಡಿ, ಆಲೆಮನೆಯಲ್ಲಿ ಪಾಕ ನೋಡುವವರ ಹತ್ತಿರ ಒಮ್ಮೆ ಕೂರಿಸಿ. ಯಾವ ಕಬ್ಬಿಗೆ ಯೂರಿಯಾ ಜಾಸ್ತಿ ಬಿದ್ದಿದೆ ಅಂತ ಅವರು ಕೊಪ್ಪರಿಗೆ ನೋಡಿಯೇ ಹೇಳುತ್ತಾರೆ.