ಬರೀ ಬಂಡೆಯಾಗಿರುವ ಪುಟ್ಟ ದ್ವೀಪಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಕ್ಕಳ ಗೋಡೆಪತ್ರಿಕೆಗೆ ಅಂಟಾರ್ಕ್ಟಿಕದ ಒಂದು ಜಾಗದ ಬಗ್ಗೆ ಬರೆಯಲು ಕೂತೆ. ಮೊದಲ ಸಾಲಿಗೇ ಸಿಕ್ಕಿಹಾಕಿಕೊಂಡೆ.

ಜಾಗದ ಹೆಸರು ಗುಡ್ಯೇ. ಅಲ್ಲಿರುವುದು ಗುಡಿಯಲ್ಲ, ಅಂಚೆ ಕಚೇರಿ! 1903–05ರಲ್ಲಿ ಫ್ರಾನ್ಸಿನ ಅನ್ವೇಷಕ ಶಾರ್ಕೋ ಜೊತೆ ಬಂದ ಫ್ರೆಂಚ್ ಹಡಗಿನ ಇಂಜಿನಿಯರನ ಹೆಸರಂತೆ ಅದು. ಪೋರ್ಟ್ ಲಾಕ್‌ರಾಯ್ ಬಂದರಿನ ನೀರಿನಲ್ಲಿ ಎದ್ದು ನಿಂತ ಬರೀ ಬಂಡೆ. ಸುಮಾರು ಫುಟ್‌ಬಾಲ್ ಮೈದಾನದಷ್ಟು, ಅಷ್ಟೇ. 1944ರಲ್ಲಿ ಯುದ್ಧದ ನಡುವೆ ಬ್ರಿಟಿಷರು ಗುಟ್ಟಾಗಿ ಅಲ್ಲೊಂದು ಠಾಣೆ ಕಟ್ಟಿದರು, 1962ರಲ್ಲಿ ಮುಚ್ಚಿದರು. 1996ರಲ್ಲಿ ಅದನ್ನೇ ರಿಪೇರಿ ಮಾಡಿದರು. ಈಗ ಅಲ್ಲಿನ ಬೇಸಿಗೆಯಲ್ಲಿ, ಅಂದರೆ ನಮಗೆ ಚಳಿ ಇರುವಾಗ, ಹಡಗಿನಲ್ಲಿ ಬಂದವರು ಊರಿಗೆ ಕಾರ್ಡು ಹಾಕುತ್ತಾರೆ. ಬಾಗಿಲಾಚೆಯೇ ಜೆಂಟೂ ಪೆಂಗ್ವಿನ್‌ಗಳು. ಅವುಗಳ ಗೂಡೂ ಕಲ್ಲಿನದೇ. ಚಿಕ್ಕ ಚಿಕ್ಕ ಕಲ್ಲು ಆಯ್ದು ತಂದು ಗುಡ್ಡೆ ಹಾಕುತ್ತವೆ, ಪಕ್ಕದ ಗೂಡಿನಿಂದ ಕದಿಯುವುದೂ ಉಂಟು.

ಇದಕ್ಕೆ ‘ದ್ವೀಪ’ ಅಂದರೆ ತಪ್ಪೇನಲ್ಲ. ಆದರೆ ಜಂಬೂದ್ವೀಪಕ್ಕೂ ಅದೇ ಪದ, ಈ ಬಂಡೆಗೂ ಅದೇ ಪದ! ‘ನಡುಗಡ್ಡೆ’ ಬರೆದು ನೋಡಿದೆ. ನನ್ನ ಕಿವಿಗೆ ಅದು ಹೊಳೆ ನಡುವಿನ ಮಣ್ಣು, ಮರಳು, ಹಸಿರು. ಕರಾವಳಿಯ ‘ಕುದ್ರು’ವಂತೂ ಪೂರ್ತಿ ಹೊಳೆಯದೇ, ತೆಂಗಿನ ಮರ ಕಣ್ಣಿಗೆ ಕಟ್ಟುತ್ತದೆ. ಹಿಮದ ಸಮುದ್ರಕ್ಕೆ ಕುದ್ರು ಅಂದರೆ ಉಡುಪಿ ಕಡೆಯವರು ನಗುತ್ತಾರೆ, ಅಲ್ವಾ?

ಸಮುದ್ರದಲ್ಲಿರುವ ಬಂಡೆಗಳಿಗೆ ನಮ್ಮವರು ಏನಂದಿದ್ದಾರೆ ಅಂತ ಹುಡುಕಿದೆ. ಮುರುಡೇಶ್ವರದಾಚೆಯ ನೇತ್ರಾಣಿ ‘ಪಾರಿವಾಳ ಗುಡ್ಡ’. ಹೊನ್ನಾವರದ ಎದುರಿಗಿರುವುದು ಬಸವರಾಜ ‘ದುರ್ಗ’. ಮಲ್ಪೆಯ ಸೇಂಟ್ ಮೇರೀಸ್‌ಗೆ ‘ತೋನ್ಸೆಪಾರ್’ ಎಂಬ ಹೆಸರೂ ಇದೆ. ಕಂಡದ್ದನ್ನೇ ಹೇಳಿದ್ದಾರೆ, ಸುತ್ತ ನೀರಿದೆ ಅನ್ನುವುದನ್ನು ಬಿಟ್ಟೇಬಿಟ್ಟಿದ್ದಾರೆ. ಈ ‘ಪಾರ್’ ನಮ್ಮ ‘ಪಾರೆ’ಯೇ, ಅಂದರೆ ಬಂಡೆಯೇ, ಇರಬೇಕು ಅಂತ ನನ್ನ ಊಹೆ. ಮಲ್ಪೆ ಕಡೆಯವರು ಹೇಳಿ: ನೀರಿನಿಂದ ಎದ್ದ ಬಂಡೆಗೆ ದೋಣಿಯವರು ಈಗಲೂ ಪಾರ್ ಅನ್ನುತ್ತಾರಾ?

ಹೌದಾದರೆ ‘ಗುಡ್ಯೇ ಪಾರೆ’ ಅಂತಲೇ ಬರೆಯುತ್ತೇನೆ. ‘ಕಲ್ಲುಗಡ್ಡೆ’ ಅಂತ ಹೊಸದಾಗಿ ಕಟ್ಟಿದ್ದೆ. ಮನೆಯಲ್ಲಿ ಓದಿದವರು “ಯಾವ ತರಕಾರಿ ಇದು?” ಅಂದರು.