ಪದ ಬೇಕು: ಸೆಲ್ಲು ಸೋರಿದ ರಿಮೋಟಿನೊಳಗಿನ ಬಿಳಿ ಪುಡಿಗೆ ಏನನ್ನುತ್ತೀರಿ?

ಬಾಗಲಕೋಟೆಯಿಂದ:

ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆಯೊಳಗೆ ಒಂದು ಪದ ಬೇಕು. ನನ್ನ ತಮ್ಮ ಹಳೇ ಆಂಪ್ಲಿಫೈಯರ್, ಟೇಪ್ ಡೆಕ್, ಸಿಡಿ ಪ್ಲೇಯರ್ ರಿಪೇರಿ ಮಾಡುತ್ತಾನೆ. ಅಂಗಡಿಗೆ ಹೊಸ ಬೋರ್ಡು ಬರೆಸುತ್ತಿದ್ದೇವೆ. ಮೂವತ್ತು ವರ್ಷದ ಹಿಂದಿನ ಸೆಟ್ಟಿಗೆ ಬಜಾರಿನಲ್ಲಿ ಸಿಗುವ ರಿಮೋಟ್ ಹೊಂದುವುದು ಕಷ್ಟ. ಹಾಗಾಗಿ ಜನ ಕೆಟ್ಟ ರಿಮೋಟನ್ನೇ ಹೊತ್ತು ತರುತ್ತಾರೆ. ಬಿಚ್ಚಿದರೆ ಬಹಳಷ್ಟರಲ್ಲಿ ಒಂದೇ ಕಾಯಿಲೆ. ವರ್ಷಗಟ್ಟಲೆ ಒಳಗೇ ಬಿಟ್ಟ ಸೆಲ್ಲು ಸೋರಿರುತ್ತದೆ. ಸ್ಪ್ರಿಂಗಿನ ಮೇಲೆ ಬಿಳಿ ಪುಡಿ, ತಾಮ್ರದ ಗೆರೆಗಳ ಮೇಲೆ ಹಸಿರು ಕಲೆ. ಇಂಗ್ಲಿಷಿನಲ್ಲಿ ಎರಡಕ್ಕೂ ಕರೋಷನ್ ಎಂದು ಮುಗಿಸುತ್ತಾರೆ. ನಾವು ಏನು ಬರೆಸೋಣ? ಪೇಂಟರ್ ‘ತುಕ್ಕು’ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡು ಕೂತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ವಿಜಯಪುರದಿಂದ:

ತುಕ್ಕು ಸಾಕು. ಇಲ್ಲವೇ ಜಂಗು ಅನ್ನಿ, ನಮ್ಮ ಕಡೆ ಬಾಯಲ್ಲಿ ಓಡಾಡುವುದು ಅದೇ. ಒಂದು ಬೋರ್ಡಿಗೆ ಇಷ್ಟು ಯೋಚನೆ ಯಾಕೆ? ಆದರೆ ‘ಬ್ಯಾಟರಿ ಸೋರಿದೆ’ ಅಂತ ಮಾತ್ರ ಬರೆಸಬೇಡಿ. ಹಳ್ಳಿ ಕಡೆ ಬ್ಯಾಟರಿ ಅಂದ್ರೆ ಟಾರ್ಚು. ‘ಸೆಲ್ಲು’ ಅಂದರೇ ತಿಳಿಯುವುದು.

ಬೆಳಗಾವಿಯಿಂದ:

ಜಂಗು ಬೇಡವೇ ಬೇಡ. ಅದು ಪಾರ್ಸಿಯ ಜಂಗ್. ತುಕ್ಕು ಕಬ್ಬಿಣಕ್ಕೆ ಹಿಡಿಯುವುದು, ಅದೂ ಇಲ್ಲಿ ಸಲ್ಲದು. ತಾಮ್ರ, ಹಿತ್ತಾಳೆಗೆ ಹಿಡಿಯುವುದಕ್ಕೆ ಅಚ್ಚಗನ್ನಡದ ‘ಕಿಲುಬು’ ಇದೆ. ಕಿಟೆಲ್ ಅವರ 1894ರ ನಿಘಂಟು ತೆಗೆದು ನೋಡಿ. ತಮಿಳಿನಲ್ಲಿ ಕಳಿಂಬು, ತೆಲುಗಿನಲ್ಲಿ ಚಿಲುಮು. ಕಿವಿ–ಚೆವಿ, ಕೆರೆ–ಚೆರುವು ಇದ್ದ ಹಾಗೆಯೇ ಕಿಲುಬು–ಚಿಲುಮು. ಮೂರು ಮನೆಯಲ್ಲೂ ಉಳಿದುಕೊಂಡ ಪದ ಇದು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಕಿಲುಬುತ್ತದೆ ಎಂದು ನಮ್ಮ ತಾಯಿ ದಿನಾ ಬೈಯುತ್ತಿದ್ದರು. ‘ಕಿಲುಬು ಕಾಸು’ ಇನ್ನೂ ಮಾತಿನಲ್ಲಿದೆ. ಇಷ್ಟು ಒಳ್ಳೆಯ ಪದ ಮನೆಯಲ್ಲಿರುವಾಗ ಪಕ್ಕದ ಮನೆಗೆ ಕೈಚಾಚುವುದು ಯಾಕೆ? ಹಾಗೆಯೇ ರಿಮೋಟನ್ನೂ ಬಿಡಿ, ದೂರನಿಯಂತ್ರಕ ಎಂದು ಬರೆಸಿ.

ವಿಜಯಪುರದಿಂದ:

ಸರ್, ಜಂಗು ಬೇಡ ಅನ್ನುವ ಪತ್ರದಲ್ಲೇ ನೀವು ಕಲಾಯಿ ಬಳಸಿದ್ದೀರಿ. ಅದು ಅರಬ್ಬಿಯಿಂದ ಬಂದದ್ದು. ದೂರ, ನಿಯಂತ್ರಕ ಎರಡೂ ಸಂಸ್ಕೃತ. ಅದು ಎರವಲು ಅಲ್ವಾ? ಆದಿಲ್‌ಶಾಹಿಗಳು ಇಲ್ಲಿ 1490ರಿಂದ 1686ರವರೆಗೆ ಆಳಿದರು. ಪಾರ್ಸಿ, ಅರಬ್ಬಿ ಪದಗಳು ನಮ್ಮೂರಿಗೆ ನಿನ್ನೆ ಬಂದವಲ್ಲ. ತಾಲೂಕು, ಜಿಲ್ಲೆ, ವಸೂಲಿ, ರಸೀದಿ, ಖುರ್ಚಿ ಎಲ್ಲ ತೆಗೆದು ಒಂದು ದಿನ ಮಾತಾಡಿ ನೋಡಿ. ನಮ್ಮಜ್ಜಿ ಕುಡುಗೋಲಿಗೆ ಜಂಗು ಹಿಡಿದಿದೆ ಅಂದಾಗ ಪಾರ್ಸಿ ಮಾತಾಡಲಿಲ್ಲ, ಕನ್ನಡ ಮಾತಾಡಿದಳು. ಸಂಸ್ಕೃತದಿಂದ ಬಂದರೆ ನೆಂಟ, ಪಾರ್ಸಿಯಿಂದ ಬಂದರೆ ಹೊರಗಿನವ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಬೆಳಗಾವಿಯಿಂದ:

ಗಡಿಯಲ್ಲಿ ಬದುಕುವವರಿಗೆ ಗೊತ್ತು, ಒಂದೊಂದು ಪದ ಬಿಡುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ ಅಂತ. ಇಲ್ಲಿ ಒಂದೊಂದು ಕನ್ನಡ ಬೋರ್ಡಿಗೂ ಬೆಲೆ ಇದೆ. ವಾದ ಸಾಕು. ಕಿಲುಬು.

ಜಮಖಂಡಿಯಿಂದ:

ನಾನು ಕಬ್ಬು ಬೆಳೆಯುವವನು. ಬಿಳಿ ಪುಡಿಗೆ ಕಿಲುಬು ಅನ್ನಲು ನನಗೆ ಬಾಯಿ ಬರುವುದಿಲ್ಲ. ಕಿಲುಬು ಅಂದರೆ ಕಣ್ಣ ಮುಂದೆ ಹಸಿರೇ ಬರುತ್ತದೆ. ನಮ್ಮಲ್ಲಿ ಕಾಲುವೆ ನೀರು ಜಾಸ್ತಿ ಹರಿಸಿ, ಬಸಿದು ಹೋಗದೆ ನಿಂತ ಹೊಲದಲ್ಲಿ ಬೇಸಿಗೆ ಬಂದರೆ ಬೆಳ್ಳಗೆ ಪುಡಿ ಮೇಲೇಳುತ್ತದೆ. ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೆ ಸವಳು ಅನ್ನುತ್ತೇವೆ. ಸವಳು-ಜವಳು ಎಂದು ಜೋಡಿಯಾಗಿ ಹೇಳುವುದೂ ಉಂಟು. ಮೈಸೂರು ಕಡೆಯವರಿಗೆ ಚೌಳು, ತೆಲುಗಿನವರಿಗೆ ಚೌಡು.

ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಆಲ್ಕಲೈನ್ ಸೆಲ್ಲಿನೊಳಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇರುತ್ತದೆ. ಅದು ಹೊರಗೆ ಜಿನುಗಿ ಗಾಳಿ ತಾಗಿದರೆ ಪೊಟ್ಯಾಸಿಯಂ ಕಾರ್ಬೊನೇಟ್ ಆಗಿ ಬೆಳ್ಳಗೆ ಕಟ್ಟುತ್ತದೆ. ಅದು ಕ್ಷಾರ. ಹೊಲದ ಸವಳಿನಲ್ಲೂ ಕ್ಷಾರದ ಜಾತಿಯದು ಇದೆ, ಅದಕ್ಕೇ ಜಿಪ್ಸಂ ಹಾಕುವುದು. ಸೆಲ್ಲಿಗೆ ಸವಳು ಬಂದಿದೆ ಅಂದರೆ ನಮ್ಮೂರಿನ ಸಣ್ಣ ಹುಡುಗನಿಗೂ ತಿಳಿಯುತ್ತದೆ.

ಬೆಳಗಾವಿಯಿಂದ:

ಹೊಲದ ಪದ ಹೊಲಕ್ಕಿರಲಿ. ಸವಳು ಮಣ್ಣಿನ ಗುಣ, ಲೋಹದ್ದಲ್ಲ.

ಬಾಗಲಕೋಟೆಯಿಂದ:

ಎಲ್ಲರ ಪತ್ರ ಓದಿದೆ. ಈಗಷ್ಟೇ ತಮ್ಮನ ಮೇಜಿನ ಹತ್ತಿರ ಕೂತು ನೋಡಿ ಬಂದೆ. 1990ರ ದಶಕದ ಒಂದು ಡೆಕ್ಕಿನ ರಿಮೋಟ್ ಬಿಚ್ಚಿದ್ದ. ಎರಡು ಸ್ಪ್ರಿಂಗುಗಳಲ್ಲಿ ಒಂದಕ್ಕೆ ಬಿಳಿ ಪುಡಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಹತ್ತಿಯ ಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ ಮುಟ್ಟಿಸಿದ. ಚುಸ್ ಎಂದು ಸಣ್ಣ ನೊರೆ ಎದ್ದಿತು. ಒರೆಸಿದರೆ ಕೆಳಗೆ ಸ್ಪ್ರಿಂಗ್ ಹೊಳೆಯುತ್ತಿತ್ತು! ಇನ್ನೊಂದು ಸ್ಪ್ರಿಂಗನ್ನು ರಿಮೋಟಿನ ಮಾಲೀಕರು ತುಕ್ಕು ಎಂದುಕೊಂಡು ಬ್ಲೇಡಿನಿಂದ ಕೆರೆದಿದ್ದರು. ಮೇಲಿನ ನಿಕಲ್ ಲೇಪ ಕಿತ್ತುಹೋಗಿ, ಒಳಗಿನ ಉಕ್ಕಿಗೆ ಈಗ ನಿಜವಾದ ತುಕ್ಕು ಹಿಡಿದಿದೆ. ನನಗೆ ಆ ಪದ ಒಪ್ಪದಿದ್ದದ್ದು ಇದಕ್ಕೇ. ತುಕ್ಕು ಎಂದ ಕೂಡಲೇ ಕೈ ಬ್ಲೇಡಿಗೆ, ಪಾಲಿಶ್ ಪೇಪರಿಗೆ ಹೋಗುತ್ತದೆ. ಸವಳು ಎಂದರೆ ಹಾಗಾಗುವುದಿಲ್ಲ, ಅದನ್ನು ಕರಗಿಸಿ ತೆಗೆಯಬೇಕು ಎಂದು ಕೇಳಿದವರಿಗೇ ಹೊಳೆಯುತ್ತದೆ.

ಆಮೇಲೆ ರಬ್ಬರ್ ಗುಂಡಿಗಳ ಅಡಿಯ ಕಪ್ಪು ಬಿಲ್ಲೆಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಸೆಲ್ಲು ಹಾಕಿ, ಗುಂಡಿ ಒತ್ತಿ ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿದ. ಬರಿಗಣ್ಣಿಗೆ ಕಾಣದ ದೀಪ ಮೊಬೈಲಿನಲ್ಲಿ ನಸುನೇರಳೆಯಾಗಿ ಮಿಣುಕಿತು.

ತಮ್ಮ ಒಂದು ಮಾತು ಸೇರಿಸಿದ. ಹಳೇ ನಮೂನೆಯ ಅಗ್ಗದ ಸತು-ಕಾರ್ಬನ್ ಸೆಲ್ಲು ಸೋರಿದರೆ ಅದು ಹುಳಿ ಜಾತಿಯದು. ಅದಕ್ಕೆ ನಿಂಬೆರಸ ಅಲ್ಲ, ಅಡುಗೆ ಸೋಡಾ. ಹಾಗಾಗಿ ಸವಳು ಒಂದರಿಂದಲೇ ಎಲ್ಲ ಹೇಳಿದಂತಾಗುವುದಿಲ್ಲ, ಜಮಖಂಡಿ ಅಣ್ಣಾವ್ರು ಬೇಸರ ಮಾಡಿಕೊಳ್ಳಬಾರದು. ಹಸಿರಿಗೆ ಬೆಳಗಾವಿಯವರ ಕಿಲುಬು, ಬಿಳಿಗೆ ನಿಮ್ಮ ಸವಳು. ಜಂಗು ಬಿಟ್ಟದ್ದು ಪಾರ್ಸಿ ಅಂತ ಅಲ್ಲ, ಅದೂ ಕಬ್ಬಿಣದ ಕಾಯಿಲೆ ಅಂತ. ರಿಮೋಟ್ ರಿಮೋಟಾಗಿಯೇ ಇರುತ್ತದೆ. ದೂರನಿಯಂತ್ರಕ ಕೆಟ್ಟಿದೆ ಎಂದು ಹೇಳಿಕೊಂಡು ನಮ್ಮ ಅಂಗಡಿಗೆ ಯಾರೂ ಬಂದಿಲ್ಲ.

ಪೇಂಟರಿಗೆ ಕೊಟ್ಟದ್ದು ಇದು: “ಸೆಲ್ಲು ಸೋರಿ ಸವಳು, ಕಿಲುಬು ಹಿಡಿದ ರಿಮೋಟ್ ರಿಪೇರಿ ಮಾಡುತ್ತೇವೆ. ಕೆರೆಯಬೇಡಿ, ಹಾಗೇ ತನ್ನಿ. ಸೋರಿದ ಸೆಲ್ಲನ್ನೂ ತನ್ನಿ.”